ಸ್ಟಾರ್ ಎಷ್ಟು, ಸೇಲ್ ಎಷ್ಟು

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಮತ್ತು ಚಿಲ್ಕುಂದ, ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ, ಅತ್ತ ಎಚ್.ಡಿ. ಕೋಟೆ. ಈ ಊರುಗಳ ತಂಬಾಕು ಹರಾಜು ಮಾರುಕಟ್ಟೆಗಳಲ್ಲಿ ಒಂದು ಬೇಲ್‌ನ ಹಣೆಬರಹ ತೀರ್ಮಾನವಾಗಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಸಾಲಾಗಿ ಜೋಡಿಸಿಟ್ಟ ಬೇಲ್‌ಗಳ ನಡುವೆ ಕಂಪನಿಗಳ ಖರೀದಿದಾರರು ನಡೆದು ಬರುತ್ತಾರೆ. ಒಬ್ಬರು ಕೈ ಹಾಕಿ ಒಂದು ಹಿಡಿ ಸೊಪ್ಪು ಎಳೆಯುತ್ತಾರೆ. ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ ಹದ ತಿಳಿದು, ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಾರೆ. ಬೇಲ್‌ಗೆ ತಂಬಾಕು ಮಂಡಳಿಯ ಸಿಬ್ಬಂದಿ ಕೊಟ್ಟ ಗ್ರೇಡ್ ಇದ್ದೇ ಇರುತ್ತದೆ. ಆದರೂ ಕೈಗೆ ಸಿಕ್ಕ ಸೊಪ್ಪಿನದೇ ಕೊನೆಯ ಮಾತು. ಹಿಡಿಸಿದರೆ ಬೆಲೆ ಏರುತ್ತದೆ, ಹಿಡಿಸದಿದ್ದರೆ ‘ನೋ ಬಿಡ್’ ಎಂದು ಬೇಲ್ ಹಾಗೇ ಉಳಿಯುತ್ತದೆ.

ಅದೇ ಊರಿನ ಹುಡುಗ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಮೊಬೈಲ್‌ನಲ್ಲಿ ಹೊಸ ಗೇಮ್ ಹುಡುಕುವಾಗ ಅವನಿಗೆ ಈ ಅನುಕೂಲ ಇಲ್ಲ. ಪ್ಲೇ ಸ್ಟೋರ್ ತೋರಿಸುವುದು ಒಂದು ಚಿತ್ರ, ಅರ್ಧ ನಿಮಿಷದ ಟ್ರೈಲರ್, 4.2 ಎಂಬ ಅಂಕಿ, ಅದರ ಕೆಳಗೆ ಯಾರ್ಯಾರೋ ಬರೆದ ನಾಲ್ಕು ಸಾಲು, ಅಷ್ಟೇ. ಆಟ ಹೇಗಿದೆ ಎಂದು ತಿಳಿಯಬೇಕಾದರೆ ಡೇಟಾ ಸುಟ್ಟು ಡೌನ್‌ಲೋಡ್ ಮಾಡಬೇಕು, ಫೋನಿನಲ್ಲಿ ಜಾಗ ಮಾಡಿಕೊಡಬೇಕು, ಒಂದೆರಡು ಗಂಟೆ ಆಡಬೇಕು. ದುಡ್ಡು ಕೊಟ್ಟು ಕೊಳ್ಳುವ ಗೇಮ್ ಆದರೆ ದುಡ್ಡನ್ನೂ ಮೊದಲೇ ಕೊಡಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಸರಕುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಕೊಳ್ಳುವ ಮೊದಲೇ ನೋಡಿ, ಮುಟ್ಟಿ ಗುಣ ತಿಳಿಯಬಹುದಾದವು ಒಂದು ಬಗೆ. ಬಳಸಿದ ಮೇಲಷ್ಟೇ ಗುಣ ತಿಳಿಯುವವು ಇನ್ನೊಂದು ಬಗೆ. ಸಿನಿಮಾ, ಪುಸ್ತಕ, ಹೋಟೆಲ್ ಊಟ, ವಿಡಿಯೊ ಗೇಮ್ ಎಲ್ಲವೂ ಎರಡನೆಯ ಬಗೆಗೆ ಸೇರುತ್ತವೆ. ಇವುಗಳ ಮಾರುಕಟ್ಟೆಯಲ್ಲಿ, ತನಗಿಂತ ಮೊದಲು ಬಳಸಿದವರ ಮಾತೇ ಕೊಳ್ಳುವವನಿಗೆ ಆಧಾರ. ವೃತ್ತಿಪರ ವಿಮರ್ಶಕ, ಯೂಟ್ಯೂಬ್‌ನಲ್ಲಿ ಆಡಿ ತೋರಿಸುವವನು, ಒಂದು ಸ್ಟಾರ್ ಒತ್ತಿ ಹೋಗುವ ಅಪರಿಚಿತ, ಪಕ್ಕದ ಮನೆಯ ಗೆಳೆಯ, ಎಲ್ಲರೂ ಅವನ ಪಾಲಿಗೆ ಮೊದಲು ರುಚಿ ನೋಡಿದವರೇ. ಇವರ ಮಾತಿನಿಂದ ಮಾರಾಟ ನಿಜಕ್ಕೂ ಏರಿಳಿಯುತ್ತದೆಯೇ, ಏರಿಳಿದರೆ ಎಷ್ಟು, ಯಾರ ಮಾತಿಗೆ ಎಲ್ಲಿ ಬೆಲೆ ಎಂಬುದನ್ನು ಸಂಶೋಧಕರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತಾ ಬಂದಿದ್ದಾರೆ.

ಬೆಂಗಳೂರಿನ ಫೌಜಿ

ಕನ್ನಡ ನಾಡಿನಲ್ಲೇ ತಯಾರಾದ ಒಂದು ಗೇಮ್‌ನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನದಲ್ಲಿ, ಬೆಂಗಳೂರಿನ ಎನ್‌ಕೋರ್ ಗೇಮ್ಸ್ ತಯಾರಿಸುತ್ತಿದ್ದ ‘ಫೌ-ಜಿ’ ಎಂಬ ಗೇಮನ್ನು ನಟ ಅಕ್ಷಯ್ ಕುಮಾರ್ ಘೋಷಿಸಿದರು. ನಿವ್ವಳ ಆದಾಯದ ಶೇ 20ರಷ್ಟು ಹುತಾತ್ಮ ಯೋಧರ ಕುಟುಂಬಗಳಿಗೆ ನೆರವಾಗುವ ‘ಭಾರತ್ ಕೆ ವೀರ್’ ನಿಧಿಗೆ ಹೋಗುತ್ತದೆ ಎಂಬ ಭರವಸೆಯೂ ಜೊತೆಗಿತ್ತು. ನವೆಂಬರ್ ಕೊನೆಗೆ ಮುಂಗಡ ನೋಂದಣಿ ತೆರೆದಾಗ ಒಂದೇ ದಿನದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು.

2021ರ ಗಣರಾಜ್ಯೋತ್ಸವದಂದು ಗೇಮ್ ಬಿಡುಗಡೆಯಾಯಿತು. ಗಾಲ್ವಾನ್ ಕಣಿವೆಯಲ್ಲಿ ಒಬ್ಬ ಯೋಧ ಒಂಟಿಯಾಗಿ ಸಾಗುತ್ತಾ, ಎದುರಾದವರ ಜೊತೆ ಕೈಗೆ ಸಿಕ್ಕ ಆಯುಧ ಹಿಡಿದು ಹೊಡೆದಾಡುವ ಕತೆ ಅದು. ಗೆಳೆಯರ ತಂಡ ಕಟ್ಟಿಕೊಂಡು ಆಡುವ ಬಗೆ ಇನ್ನೂ ಬಂದಿರಲಿಲ್ಲ. ಪಬ್‌ಜಿಯ ಜಾಗ ತುಂಬುತ್ತದೆ ಎಂದು ಕಾದು ಕೂತವರಿಗೆ ಇದರಿಂದ ನಿರಾಸೆಯಾಯಿತು. ಪಬ್‌ಜಿ ಅಭಿಮಾನಿಗಳು ಗುಂಪುಗಟ್ಟಿ ಒಂದು ಸ್ಟಾರ್ ಒತ್ತಿದರು ಎಂಬ ಮಾತೂ ಕೇಳಿಬಂತು. 4ರ ಮೇಲಿದ್ದ ರೇಟಿಂಗ್ ಸುಮಾರು ಒಂದು ವಾರದಲ್ಲಿ 3ರ ಹತ್ತಿರಕ್ಕೆ ಇಳಿಯಿತು. ತಂಡ ಕಟ್ಟಿ ಆಡುವ ಭಾಗ ಜೂನ್‌ನಲ್ಲಿ ಬಂತು. ಅಷ್ಟರಲ್ಲಿ ಮೊದಲ ಕುತೂಹಲ ಆರಿಹೋಗಿತ್ತು.

ಅದೇ ವರ್ಷದ ಜುಲೈ 2ರಂದು ಕ್ರಾಫ್ಟನ್ ಕಂಪನಿ ಪಬ್‌ಜಿಯನ್ನೇ ‘ಬಿಜಿಎಂಐ’ ಎಂಬ ಹೊಸ ಹೆಸರಿನಲ್ಲಿ ಭಾರತಕ್ಕೆ ತಂದಿತು. ಒಂದು ವರ್ಷದಲ್ಲಿ ನೋಂದಾಯಿತ ಆಟಗಾರರ ಸಂಖ್ಯೆ ಹತ್ತು ಕೋಟಿ ದಾಟಿತು. 2022ರ ಜುಲೈ ಕೊನೆಗೆ ಅದೂ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇ ಕೊನೆಗೆ ವಾಪಸ್ ಬಂತು, ಆಟಗಾರರೂ ವಾಪಸ್ ಬಂದರು. ಅದಕ್ಕೆ ಎಷ್ಟು ಸ್ಟಾರ್ ಇದೆ ಎಂದು ನೋಡಿ ಡೌನ್‌ಲೋಡ್ ಮಾಡಿದವರು ಕಡಿಮೆ. ಆ ಆಟ ಅವರಿಗೆ ಮೊದಲೇ ಗೊತ್ತಿತ್ತು.

ಫೌ-ಜಿಯ ಸ್ಟಾರ್ ಇಳಿದದ್ದರಿಂದಲೇ ಜನ ದೂರ ಸರಿದರು ಎಂದು ಹೇಳಿಬಿಡುವುದು ಸುಲಭ. ವಿಜ್ಞಾನ ಅಷ್ಟು ಬೇಗ ಒಪ್ಪುವುದಿಲ್ಲ. ಆಟದಲ್ಲೇ ಕೊರತೆ ಇದ್ದರೆ ಸ್ಟಾರ್ ಇಳಿಯುವುದಕ್ಕೂ ಜನ ಬಿಟ್ಟುಹೋಗುವುದಕ್ಕೂ ಆ ಕೊರತೆಯೊಂದೇ ಕಾರಣ ಆಗಿರಬಹುದು. ಎರಡೂ ಒಟ್ಟಿಗೆ ನಡೆದವು ಎಂಬುದು ಒಂದರಿಂದ ಇನ್ನೊಂದು ಆಯಿತು ಎನ್ನುವುದಕ್ಕೆ ಸಾಕ್ಷಿಯಾಗದು. ಈ ಗಂಟು ಬಿಡಿಸಲು ಸಂಶೋಧಕರು ಬೇರೆ ಬೇರೆ ಉಪಾಯ ಹೂಡಿದ್ದಾರೆ.

ಪ್ರಭಾವವೋ, ಭವಿಷ್ಯವಾಣಿಯೋ

ಮೊದಮೊದಲ ಪ್ರಯತ್ನಗಳಲ್ಲೊಂದು ನಡೆದದ್ದು ಸಿನಿಮಾದ ಮೇಲೆ. ಜೆಹೊಶುವಾ ಎಲಿಯಾಶ್‌ಬರ್ಗ್ ಮತ್ತು ಸ್ಟೀವನ್ ಶುಗನ್ 1997ರಲ್ಲಿ ಒಂದು ಸರಳ ತರ್ಕ ಮುಂದಿಟ್ಟರು. ವಿಮರ್ಶೆ ಓದಿ ಜನ ಥಿಯೇಟರಿಗೆ ಹೋಗುವುದು ನಿಜವಾದರೆ, ಅದರ ಪರಿಣಾಮ ವಿಮರ್ಶೆ ಬಿಸಿಬಿಸಿಯಾಗಿರುವ ಮೊದಲ ವಾರಗಳ ಗಳಿಕೆಯಲ್ಲೇ ಎದ್ದು ಕಾಣಬೇಕು. ಅವರ ಲೆಕ್ಕದಲ್ಲಿ ಕಂಡದ್ದು ಉಲ್ಟಾ. ವಿಮರ್ಶೆಗಳಿಗೂ ಮೊದಲ ವಾರಗಳ ಗಳಿಕೆಗೂ ಹೇಳಿಕೊಳ್ಳುವಂಥ ನಂಟು ಇರಲಿಲ್ಲ. ನಂಟು ಇದ್ದದ್ದು ನಂತರದ ವಾರಗಳ ಗಳಿಕೆಯೊಂದಿಗೆ ಮತ್ತು ಒಟ್ಟು ಗಳಿಕೆಯೊಂದಿಗೆ. ಅಂದರೆ ವಿಮರ್ಶಕ ಜನರನ್ನು ಎಳೆದು ತರುವುದಕ್ಕಿಂತ ಹೆಚ್ಚಾಗಿ, ಜನರಿಗೆ ಮುಂದೆ ಏನು ಹಿಡಿಸಲಿದೆ ಎಂಬುದನ್ನು ಮೊದಲೇ ಹೇಳುತ್ತಿದ್ದ.

ಗೇಮ್‌ಗಳ ವಿಷಯದಲ್ಲಿ 2010ರಲ್ಲಿ ನಡೆದ ಒಂದು ಪ್ರಯೋಗ ಇನ್ನೊಂದು ಮುಖ ತೋರಿಸಿತು. ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ ಮತ್ತು ಈಡಾರ್ ಎಂಬ ಸಂಶೋಧನಾ ಸಂಸ್ಥೆ ಸೇರಿ, ಕೂಡಿಸಿದ ಜನರನ್ನು ಗುಂಪುಗಳಾಗಿ ಹಂಚಿದವು. ಎಲ್ಲರೂ ಆಡಿದ್ದು ‘ಪ್ಲಾಂಟ್ಸ್ ವರ್ಸಸ್ ಝಾಂಬೀಸ್’ ಎಂಬ ಒಂದೇ ಗೇಮ್. ಒಂದು ಗುಂಪಿಗೆ ಮೊದಲೇ ಹೊಗಳಿಕೆಯ ವಿಮರ್ಶೆಗಳನ್ನು ತೋರಿಸಿದರು, ಇನ್ನೊಂದಕ್ಕೆ ತೆಗಳಿಕೆಯವನ್ನು, ಮತ್ತೊಂದಕ್ಕೆ ಏನನ್ನೂ ತೋರಿಸಲಿಲ್ಲ. ಆಡಿದ ಮೇಲೆ ಅಂಕ ಕೊಡಲು ಹೇಳಿದಾಗ ಹೊಗಳಿಕೆ ಓದಿದವರು ಹೆಚ್ಚು ಕೊಟ್ಟರು, ತೆಗಳಿಕೆ ಓದಿದವರು ಕಡಿಮೆ ಕೊಟ್ಟರು. ಕೊನೆಗೆ ‘ಹತ್ತು ಡಾಲರ್ ಬೇಕೋ, ಈ ಗೇಮ್ ಬೇಕೋ’ ಎಂದು ಕೇಳಿದರು. ಗೇಮ್ ಆರಿಸಿಕೊಂಡವರ ಪ್ರಮಾಣ ತೆಗಳಿಕೆ ಓದಿದ ಗುಂಪಿಗಿಂತ ಹೊಗಳಿಕೆ ಓದಿದ ಗುಂಪಿನಲ್ಲಿ ಸುಮಾರು ಎರಡು ಪಟ್ಟಿತ್ತು. ಆಟದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಆಡುವ ಮೊದಲು ಕಣ್ಣಿಗೆ ಬಿದ್ದ ಮಾತಿನಲ್ಲಿ ಮಾತ್ರ. ಸ್ವತಃ ಆಡಿ ನೋಡಿದ ಮೇಲೂ ಆ ಮಾತಿನ ಗುರುತು ಮನಸ್ಸಿನಿಂದ ಅಳಿಯಲಿಲ್ಲ.

ಉದ್ಯಮ ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದಕ್ಕೆ ‘ಫಾಲ್‌ಔಟ್: ನ್ಯೂ ವೇಗಸ್’ ಸಾಕ್ಷಿ. 2001ರಿಂದ ಮೆಟಾಕ್ರಿಟಿಕ್ ಎಂಬ ತಾಣ ವಿಮರ್ಶಕರ ಅಂಕಗಳನ್ನೆಲ್ಲ ಕೂಡಿಸಿ ನೂರಕ್ಕೆ ಇಷ್ಟು ಎಂದು ಒಂದೇ ಅಂಕಿ ಕೊಡುತ್ತಿದೆ. 2010ರಲ್ಲಿ ಬಂದ ಈ ಗೇಮ್ 85 ಮುಟ್ಟಿದರೆ ತಯಾರಿಸಿದ ಅಬ್ಸಿಡಿಯನ್ ಸ್ಟುಡಿಯೊಗೆ ಬೋನಸ್ ಎಂಬ ಕರಾರು ಇತ್ತು. ಬಂದದ್ದು 84. ಒಂದೇ ಒಂದು ಅಂಕದಿಂದ ಬೋನಸ್ ಕೈತಪ್ಪಿತು ಎಂದು ಸ್ಟುಡಿಯೊದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗಪಡಿಸಿದರು. ಹತ್ತಾರು ಪತ್ರಿಕೆಗಳ ಬೇರೆ ಬೇರೆ ಅಳತೆಗೋಲುಗಳ ಸರಾಸರಿಯೊಂದು ಹೀಗೆ ದುಡಿದವರ ಸಂಪಾದನೆಯನ್ನೇ ತೀರ್ಮಾನಿಸುವ ಮಟ್ಟಕ್ಕೆ ಬೆಳೆದಿತ್ತು.

ಯಾರಿಗೆ ಹೆಚ್ಚು ತಾಗುತ್ತದೆ

ಈ ಬರಹದ ತಿರುಳು ಇಲ್ಲಿದೆ. ಫೆಂಗ್ ಝು ಮತ್ತು ಶಿಯಾವ್‌ಕ್ವಾನ್ ಝಾಂಗ್ ಎಂಬ ಸಂಶೋಧಕರು ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್ ಎರಡಕ್ಕೂ ಬಿಡುಗಡೆಯಾದ ಗೇಮ್‌ಗಳ ಮಾರಾಟವನ್ನು ಆಟಗಾರರ ಆನ್‌ಲೈನ್ ವಿಮರ್ಶೆಗಳ ಪಕ್ಕದಲ್ಲಿಟ್ಟು ನೋಡಿದರು. ಗೇಮ್ ಒಂದೇ ಆದ್ದರಿಂದ ಅದರ ಗುಣದ ಪ್ರಶ್ನೆ ಬಹುಮಟ್ಟಿಗೆ ಬದಿಗೆ ಸರಿಯುತ್ತದೆ. 2010ರಲ್ಲಿ ಪ್ರಕಟವಾದ ಅವರ ತೀರ್ಮಾನ ಸ್ಪಷ್ಟವಾಗಿತ್ತು. ಎಲ್ಲರಿಗೂ ಗೊತ್ತಿರುವ ಗೇಮ್‌ಗಳಿಗಿಂತ ಹೆಚ್ಚು ಜನಪ್ರಿಯವಲ್ಲದ ಗೇಮ್‌ಗಳ ಮಾರಾಟದ ಮೇಲೆ ವಿಮರ್ಶೆಯ ಪ್ರಭಾವ ಹೆಚ್ಚು. ಇಂಟರ್‌ನೆಟ್ ಬಳಕೆಯಲ್ಲಿ ಪಳಗಿದವರು ಆಡುವ ಗೇಮ್‌ಗಳಲ್ಲೂ ಹೆಚ್ಚು.

ಬೇರೆ ಕ್ಷೇತ್ರಗಳಲ್ಲೂ ಇದೇ ಕಾಣಿಸಿತು. ಸಿಯಾಟಲ್ ನಗರದ ಹೋಟೆಲ್‌ಗಳನ್ನು ಅಭ್ಯಸಿಸಿದ ಮೈಕೆಲ್ ಲೂಕಾ, ಯೆಲ್ಪ್ ತಾಣದಲ್ಲಿ ಒಂದು ಸ್ಟಾರ್ ಏರಿದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಕೊಂಡರು. ಆ ಏರಿಕೆಯೆಲ್ಲ ಬಿಡಿ ಹೋಟೆಲ್‌ಗಳದ್ದು. ಊರೂರಲ್ಲೂ ಶಾಖೆಯಿರುವ ಸರಣಿ ಹೋಟೆಲ್‌ಗಳಿಗೆ ಸ್ಟಾರ್ ಏರಿದರೂ ಇಳಿದರೂ ಅಷ್ಟಕ್ಕಷ್ಟೆ. ಅಲ್ಲಿ ಏನು ಸಿಗುತ್ತದೆ ಎಂಬುದು ಗಿರಾಕಿಗೆ ಮೊದಲೇ ಗೊತ್ತು.

ಕನ್ನಡ ಸಿನಿಮಾದಲ್ಲೂ ಇಂಥದ್ದೊಂದು ಕಣ್ಣೆದುರೇ ನಡೆಯಿತು. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡದ್ದು ಕನ್ನಡದಲ್ಲಿ ಮಾತ್ರ. ಹೊರರಾಜ್ಯಗಳಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ನೋಡಿದವರು ನೋಡದವರಿಗೆ ಹೇಳುತ್ತಾ ಹೋದರು, ಬೇಡಿಕೆ ಬೆಳೆಯಿತು, ಎರಡೇ ವಾರದಲ್ಲಿ, ಅಕ್ಟೋಬರ್ 14ರಂದು, ಹಿಂದಿ ಆವೃತ್ತಿ ಬಿಡುಗಡೆಯಾಯಿತು. ಗೇಮ್‌ಗಳಲ್ಲಿ ‘ಅಮಂಗ್ ಅಸ್’ನದು ಇದಕ್ಕೂ ನಿಧಾನದ ಕತೆ. 2018ರಲ್ಲಿ ಬಂದು ಮೂಲೆಯಲ್ಲಿದ್ದ ಅದನ್ನು 2020ರ ಲಾಕ್‌ಡೌನ್ ಕಾಲದಲ್ಲಿ ಆಡಿ ತೋರಿಸುವವರು ನೇರಪ್ರಸಾರಕ್ಕೆ ತಂದರು, ಜಗತ್ತಿಗೆಲ್ಲ ಅದರ ಹುಚ್ಚು ಹಿಡಿಯಿತು.

ಮೊದಲು ಒತ್ತಿದವನ ಕೈ

ಗುಂಪಿನ ಅಭಿಪ್ರಾಯ ಎಂದರೆ ನೂರಾರು ಮಂದಿಯ ಸ್ವತಂತ್ರ ತೀರ್ಪುಗಳ ಮೊತ್ತ ಎಂದುಕೊಳ್ಳುತ್ತೇವೆ. ಹಾಗಿರುವುದು ಅಪರೂಪ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,341 ಮಂದಿ, ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಕೇಳಿ ಬೇಕಾದ್ದನ್ನು ಡೌನ್‌ಲೋಡ್ ಮಾಡಿಕೊಂಡರು. ಒಂದು ಗುಂಪಿಗೆ ಬೇರೆಯವರ ಆಯ್ಕೆ ಕಾಣಿಸುತ್ತಿರಲಿಲ್ಲ. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ಹಂಚಿ, ಆಯಾ ಲೋಕದಲ್ಲಿ ಯಾವ ಹಾಡು ಎಷ್ಟು ಬಾರಿ ಡೌನ್‌ಲೋಡ್ ಆಗಿದೆ ಎಂದು ತೋರಿಸಲಾಯಿತು. ಬೇರೆಯವರ ಆಯ್ಕೆ ಕಾಣುತ್ತಿದ್ದ ಕಡೆಗಳಲ್ಲಿ ಗೆದ್ದ ಹಾಡು ಭಾರೀ ಅಂತರದಲ್ಲಿ ಗೆದ್ದಿತು. ಆದರೆ ಒಂದು ಲೋಕದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಹಿಂದೆ ಬಿದ್ದಿತು. ಅತ್ಯುತ್ತಮ ಹಾಡುಗಳು ನೆಲಕಚ್ಚಿದ್ದು, ತೀರಾ ಕಳಪೆಯವು ಗೆದ್ದದ್ದು ಕಡಿಮೆ. ನಡುವಿನವುಗಳ ಭವಿಷ್ಯವನ್ನು ಬರೆದವರು ಮೊದಮೊದಲು ಬಂದವರು.

2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್ ಮತ್ತು ಸೀನ್ ಟೇಲರ್ ಇನ್ನೂ ಸೂಕ್ಷ್ಮವಾಗಿ ನೋಡಿದರು. ಒಂದು ಸುದ್ದಿತಾಣದ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳಲ್ಲಿ ಕೆಲವಕ್ಕೆ, ಬರಹ ಹೇಗೇ ಇರಲಿ, ಮೊದಲ ಮತವನ್ನು ತಾವೇ ಹಾಕಿದರು. ಮೊದಲು ಮೆಚ್ಚುಗೆ ಪಡೆದವುಗಳ ಕೊನೆಯ ಅಂಕ ಸರಾಸರಿ ಶೇ 25ರಷ್ಟು ಹೆಚ್ಚಾಯಿತು. ಮೊದಲು ತೆಗಳಿಕೆ ಬಿದ್ದವುಗಳನ್ನು ನಂತರ ಬಂದವರು ಬಹುಪಾಲು ಸರಿಪಡಿಸಿದರು.

ಸ್ಟಾರ್ ಒತ್ತುವವರು ಯಾರು ಎಂಬುದೂ ಮುಖ್ಯ. ಪ್ಲೇ ಸ್ಟೋರ್‌ನಲ್ಲಿ ರೇಟಿಂಗ್ ಪಕ್ಕದ ಪಟ್ಟಿಗಳನ್ನು ಗಮನಿಸಿದರೆ ಸಾಮಾನ್ಯವಾಗಿ ಐದು ಸ್ಟಾರಿನದು ಎಲ್ಲಕ್ಕಿಂತ ಉದ್ದ, ಆಮೇಲೆ ಒಂದು ಸ್ಟಾರಿನದು, ನಡುವಿನವು ಮೊಟಕು. ಅಮೆಜಾನ್‌ನ ರೇಟಿಂಗ್‌ಗಳನ್ನು ಅಭ್ಯಸಿಸಿದವರು 2009ರಲ್ಲೇ ಇದಕ್ಕೆ ಕಾರಣ ಗುರುತಿಸಿದರು. ಕೊಳ್ಳುವವರು ಮೊದಲೇ ಇಷ್ಟಪಟ್ಟವರು, ಆದ್ದರಿಂದ ಐದು ಹೆಚ್ಚು. ತೀರಾ ಖುಷಿಯಾದವರು, ತೀರಾ ಸಿಟ್ಟಾದವರು ಬರೆಯುತ್ತಾರೆ, ‘ಪರವಾಗಿಲ್ಲ’ ಅನ್ನಿಸಿದವರು ಸುಮ್ಮನಿರುತ್ತಾರೆ. ಹೊಗಳಿಕೆ, ತೆಗಳಿಕೆಗಳ ತೂಕವೂ ಒಂದೇ ಅಲ್ಲ. ಎರಡು ಆನ್‌ಲೈನ್ ಪುಸ್ತಕದಂಗಡಿಗಳನ್ನು ಹೋಲಿಸಿದ ಜುಡಿತ್ ಶೆವಲಿಯೆ ಮತ್ತು ಡೀನಾ ಮೇಝ್ಲಿನ್ 2006ರಲ್ಲಿ ತೋರಿಸಿದಂತೆ, ಐದು ಸ್ಟಾರಿನ ವಿಮರ್ಶೆ ಮಾರಾಟ ಏರಿಸುವುದಕ್ಕಿಂತ ಒಂದು ಸ್ಟಾರಿನ ವಿಮರ್ಶೆ ಮಾರಾಟ ಇಳಿಸುವುದೇ ಹೆಚ್ಚು.

ಸ್ಟಾರಿನ ದಾಳಿ

ಒಂದು ಸ್ಟಾರಿಗೆ ಇಷ್ಟು ಬಲ ಇದೆ ಎಂದು ಗೊತ್ತಾದ ಮೇಲೆ ಅದು ಆಯುಧವಾಯಿತು. 2017ರ ಏಪ್ರಿಲ್‌ನಲ್ಲಿ ಸ್ನ್ಯಾಪ್‌ಚಾಟ್‌ನ ಮುಖ್ಯಸ್ಥರು ಭಾರತದ ಬಗ್ಗೆ ಹಗುರವಾಗಿ ಮಾತಾಡಿದರು ಎಂಬ ಆರೋಪ ಹಬ್ಬಿತು. ಕಂಪನಿ ಅಲ್ಲಗಳೆದರೂ ಸಿಟ್ಟು ನಿಲ್ಲಲಿಲ್ಲ. ಹೆಸರು ಹತ್ತಿರ ಇದ್ದ ತಪ್ಪಿಗೆ, ಏನೂ ಸಂಬಂಧವಿಲ್ಲದ ಭಾರತೀಯ ಕಂಪನಿ ಸ್ನ್ಯಾಪ್‌ಡೀಲ್‌ಗೂ ಒಂದು ಸ್ಟಾರಿನ ಮಳೆ ಸುರಿಯಿತು. 2020ರ ಮೇನಲ್ಲಿ ಟಿಕ್‌ಟಾಕ್ ಮತ್ತು ಯೂಟ್ಯೂಬ್ ಅಭಿಮಾನಿಗಳ ಜಗಳದಲ್ಲಿ ಟಿಕ್‌ಟಾಕ್‌ನ ರೇಟಿಂಗ್ 2ಕ್ಕಿಂತ ಕೆಳಗೆ ಕುಸಿಯಿತು. ಗೂಗಲ್ ಲಕ್ಷಗಟ್ಟಲೆ ರೇಟಿಂಗ್ ಅಳಿಸಿದ ಮೇಲೆ ಮತ್ತೆ 4 ದಾಟಿತು.

ಇಂಥ ದಾಳಿಗೆ ಮಾರಾಟ ಬಗ್ಗುತ್ತದೆಯೇ? ‘ದಿ ಲಾಸ್ಟ್ ಆಫ್ ಅಸ್ ಭಾಗ 2’ 2020ರ ಜೂನ್ 19ರಂದು ಬಂದಾಗ ಮೆಟಾಕ್ರಿಟಿಕ್‌ನಲ್ಲಿ ವಿಮರ್ಶಕರ ಸರಾಸರಿ ನೂರಕ್ಕೆ 90ರ ಮೇಲಿತ್ತು. ಬಳಕೆದಾರರ ಅಂಕ ಮೊದಲ ದಿನವೇ ಹತ್ತಕ್ಕೆ ನಾಲ್ಕರ ಕೆಳಗೆ ಬಿತ್ತು. ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಆಟದ ಬಗ್ಗೆ ಕೆಲವೇ ಗಂಟೆಗಳಲ್ಲಿ ಸಾವಿರಾರು ತೀರ್ಪು ಬಂದಿದ್ದವು. ಆದರೂ ಮೊದಲ ಮೂರು ದಿನಗಳಲ್ಲಿ 40 ಲಕ್ಷ ಪ್ರತಿ ಮಾರಾಟವಾದವು. ಹೆಸರಾಂತ ಗೇಮ್‌ಗೆ ಅದು ತಾಗಲಿಲ್ಲ. ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲ ಎಂದು ಮೆಟಾಕ್ರಿಟಿಕ್ ಆಮೇಲೆ ನಿಯಮ ತಂದಿತು.

ಅಭಿಮಾನಿಗಳ ಒಗ್ಗಟ್ಟು ನ್ಯಾಯ ಕೊಡಿಸಿದ್ದೂ ಉಂಟು. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಗೇಮನ್ನು ಕಂಪ್ಯೂಟರ್‌ನಲ್ಲಿ ಆಡುವವರೆಲ್ಲ ಸೋನಿಯ ಪ್ರತ್ಯೇಕ ಖಾತೆ ಜೋಡಿಸಲೇಬೇಕು ಎಂಬ ಷರತ್ತು ಬಂತು. ಆ ಖಾತೆಯ ಸೌಲಭ್ಯವೇ ಇಲ್ಲದ ದೇಶಗಳವರೂ ಗೇಮ್ ಕೊಂಡಿದ್ದರು. ಎರಡು ಲಕ್ಷಕ್ಕೂ ಹೆಚ್ಚು ನಕಾರಾತ್ಮಕ ವಿಮರ್ಶೆ ಬಿದ್ದವು, ಕೆಲವೇ ದಿನಗಳಲ್ಲಿ ಸೋನಿ ಷರತ್ತು ಕೈಬಿಟ್ಟಿತು.

ಹಾಗಾಗಿ ದಾಳಿಗೆ ಹೆದರಿ ಬಾಯಿ ಮುಚ್ಚಿಸುವುದು ಪರಿಹಾರವಲ್ಲ. 2025ರ ಡಿಸೆಂಬರ್‌ನಲ್ಲಿ ‘ದಿ ಡೆವಿಲ್’ ಚಿತ್ರ ಬಂದಾಗ ನ್ಯಾಯಾಲಯದ ಆದೇಶದಂತೆ ಬುಕ್‌ಮೈಶೋದಲ್ಲಿ ಅದರ ರೇಟಿಂಗ್ ಮತ್ತು ವಿಮರ್ಶೆಗಳನ್ನು ತಡೆಹಿಡಿಯಲಾಗಿತ್ತು. ದುಡ್ಡು ಕೊಟ್ಟು ಮಾಡಿಸುವ ದಾಳಿಯಿಂದ ಚಿತ್ರ ಉಳಿಯಲಿ ಎಂಬ ಕಾಳಜಿ ಅರ್ಥವಾಗುವಂಥದ್ದೇ. ಆದರೆ ಹಾಗೆ ಮಾಡಿದಾಗ ಟಿಕೆಟ್ ಕೊಂಡು ನೋಡಿದ ಪ್ರಾಮಾಣಿಕ ಪ್ರೇಕ್ಷಕನ ಮಾತೂ ನಿಂತುಹೋಗುತ್ತದೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ತಂದ ಐಎಸ್ 19000 ಎಂಬ ಮಾನದಂಡ ಬೇರೆ ದಾರಿ ತೋರುತ್ತದೆ. ಬರೆಯುವವರು ನಿಜವಾದ ವ್ಯಕ್ತಿಯೇ ಎಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎನ್ನುತ್ತದೆ ಅದು. ಪಾಲಿಸುವುದು ಕಡ್ಡಾಯವಲ್ಲದೆ ಐಚ್ಛಿಕ ಎಂಬುದೇ ಅದರ ಕೊರತೆ.

ಯಾವ ಫೋನಿನಲ್ಲಿ ಆಡಿದಿರಿ?

‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ರಂದು ಬಂತು. ಮೊದಲ ವಿಮರ್ಶೆಗಳ ಸರಾಸರಿ 90ರ ಆಸುಪಾಸು. ವಿಮರ್ಶಕರಿಗೆ ಮೊದಲೇ ಕಳಿಸಿದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಆಡಿದವರಿಗೆ ಗೇಮ್ ಮತ್ತೆ ಮತ್ತೆ ಕೈಕೊಟ್ಟಿತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣ ವಾಪಸ್ ಕೊಟ್ಟಿತು, ಆರು ತಿಂಗಳು ಮಾರಲಿಲ್ಲ. ಆ ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ಓದುಗರ ಮನೆಯಲ್ಲಿದ್ದ ಯಂತ್ರದ ಬಗ್ಗೆ ಅವರು ಹೇಳಿರಲಿಲ್ಲ, ಅಷ್ಟೇ.

ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ ಹುಡುಕಿಕೊಂಡು ಆಡುವವನಿಗೂ, ಕೆ.ಆರ್. ನಗರದಲ್ಲಿ ಅಣ್ಣ ಬಿಟ್ಟ ಹಳೆಯ ಫೋನಿನಲ್ಲಿ ಆಡುವ ತಮ್ಮನಿಗೂ ಇದು ದಿನನಿತ್ಯದ ಪಾಡು. ದುಬಾರಿ ಫೋನಿನಲ್ಲಿ ಐದು ಸ್ಟಾರ್ ಪಡೆದ ಗೇಮ್ ಅವರ ಕೈಯಲ್ಲಿ ಲ್ಯಾಗ್ ಆಗುತ್ತದೆ, ಫೋನ್ ಕಾಯುತ್ತದೆ, ಗುಂಡು ಹಾರಿಸುವ ಹೊತ್ತಿಗೆ ಹ್ಯಾಂಗ್ ಆಗುತ್ತದೆ. 2019ರಿಂದ ಗೂಗಲ್ ಪ್ಲೇ ಇತ್ತೀಚಿನ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡುತ್ತಿದೆ, 2021ರ ನವೆಂಬರ್‌ನಿಂದ ಆಯಾ ದೇಶದ ರೇಟಿಂಗನ್ನೇ ಆಯಾ ದೇಶದವರಿಗೆ ತೋರಿಸುತ್ತಿದೆ. ಅಂದರೆ ಇಲ್ಲಿಯವರು ನೋಡುವ ಅಂಕಿಯಲ್ಲಿ ಇಲ್ಲಿಯವರದೇ ಪಾಲು ಇದೆ.

ಆ ಪಾಲು ಹೆಚ್ಚು ಎಣಿಕೆಗೆ ಬರುವುದು ಸಣ್ಣ ಗೇಮ್‌ಗಳಲ್ಲಿ. ಹತ್ತಾರು ಲಕ್ಷ ರೇಟಿಂಗ್ ಇರುವ ಗೇಮ್‌ಗೆ ಇನ್ನೈದು ಒಂದು ಸ್ಟಾರ್ ಬಿದ್ದರೆ ಅಂಕಿ ಅಲುಗುವುದೂ ಇಲ್ಲ. 20 ಮಂದಿ ಸೇರಿ 4.5ಕ್ಕೆ ತಂದಿಟ್ಟ ಹೊಸ ಗೇಮ್‌ಗೆ ಅದೇ ಐದು ಬಿದ್ದರೆ ಅದು 3.8ಕ್ಕೆ ಇಳಿಯುತ್ತದೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ಕರ್ನಾಟಕ. ನಾಳೆ ಮೈಸೂರಿನಲ್ಲೋ ಹುಣಸೂರಿನಲ್ಲೋ ನಾಲ್ಕು ಜನ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಕನ್ನಡದಲ್ಲೇ ಒಂದು ಗೇಮ್ ಕಟ್ಟಿ ಸ್ಟೋರ್‌ಗೆ ಹಾಕಿದರೆ, ಅದರ ಮೊದಲ ಐವತ್ತು ರೇಟಿಂಗ್ ಒತ್ತುವವರು ಇಲ್ಲಿಯ ಆಟಗಾರರೇ ಆಗಿರುತ್ತಾರೆ. ಅವರು ಸ್ಟಾರಿನ ಜೊತೆ ನಾಲ್ಕು ಸಂಗತಿ ಬರೆಯಲಿ: ಯಾವ ಫೋನು, ಎಷ್ಟು ರ್‍ಯಾಮ್, ಎಷ್ಟು ಹೊತ್ತು ಆಡಿದೆ, ಎಲ್ಲಿ ನಿಂತುಹೋಯಿತು. ಇಷ್ಟಿದ್ದರೆ ತಯಾರಿಸಿದವರು ಮುಂದಿನ ಅಪ್‌ಡೇಟ್‌ನಲ್ಲಿ ಯಾವ ಭಾಗ ಸರಿಪಡಿಸಬೇಕೆಂದು ತಿಳಿಯುತ್ತಾರೆ, ಅಂಥದ್ದೇ ಫೋನ್ ಹಿಡಿದ ಪಿರಿಯಾಪಟ್ಟಣದ ಇನ್ನೊಬ್ಬನಿಗೆ ತನ್ನ ಡೇಟಾ ಖರ್ಚು ಮಾಡಬೇಕೋ ಬೇಡವೋ ಎಂಬುದೂ ಗೊತ್ತಾಗುತ್ತದೆ.